ಸಾಕ್ಷಿಗೆ ನಿಂತ ವಕೀಲರು

ಮೊಬೈಲು ಎರಡನೇ ಸಲ ಹೊಡೆದುಕೊಂಡರೂ ವಕೀಲ ಉಮಾನಾಥ ಹೆಗ್ಡೆಯವರು ಎತ್ತಲಿಲ್ಲ. ಎದುರಿನ ಮೇಜಿನಲ್ಲಿದ್ದ ಜೂನಿಯರ್ ಮೋಕ್ಷಾಳ ಮುಖ ನೋಡಿದರು.

"ಮಣಿಪಾಲದ ನಿನ್ನ ಮದ್ದಿನ ಕಂಪೆನಿಯವರು ಕಾಣ್ತದೆ. ನಾನೀಗ ಎಂತ ಹೇಳಬೇಕು ಮಾರಾಯ್ತಿ?"

"ಇದ್ದದ್ದನ್ನು ಇದ್ದ ಹಾಗೆ ಹೇಳಿ ಸರ್, ಸಾಕು."

"ಇದ್ದದ್ದನ್ನಾ?" ಹೆಗ್ಡೆಯವರು ಗಾಬರಿಯಾದರು. ಕಾರ್ಕಳದ ಕೋರ್ಟಿನಲ್ಲಿ ಕೂದಲು ನೆರೆಸಿಕೊಂಡ ಅವರಿಗೆ ಇಂಥ ಸಲಹೆಯನ್ನು ಈವರೆಗೆ ಯಾರೂ ಕೊಟ್ಟಿರಲಿಲ್ಲ.

ಮೋಕ್ಷಾ ಕುರ್ಚಿಯನ್ನು ಫೋನಿನ ಹತ್ತಿರಕ್ಕೆ ಎಳೆದುಕೊಂಡಳು. ಮಂಗಳೂರು, ಬೆಂಗಳೂರಿನ ದೊಡ್ಡ ದೊಡ್ಡ ವಕೀಲರ ಕಚೇರಿಗಳಿಗೆಲ್ಲ ಅರ್ಜಿ ಹಾಕಿ ನೋಡಿದ್ದಳು. ಒಬ್ಬರೂ ಹೂಂ ಅನ್ನಲಿಲ್ಲ, ಉಹೂಂ ಅನ್ನಲಿಲ್ಲ. ಮದ್ದು ತಯಾರಿಸುವ ಈ ಕಂಪೆನಿಯ ಕಾನೂನು ವಿಭಾಗ ಮಾತ್ರ ಎರಡು ಸುತ್ತು ಸಂದರ್ಶನ ಮಾಡಿ, ಇನ್ನು ನಿಮ್ಮ ಸೀನಿಯರ್ ಹತ್ತಿರ ಒಂದು ಮಾತು ಕೇಳುವುದಷ್ಟೇ ಬಾಕಿ ಎಂದಿತ್ತು. ಇದೂ ತಪ್ಪಿದರೆ ಮತ್ತೆ ಅದೇ ಕೋರ್ಟು, ಅದೇ ವಾಯಿದೆ. ಹೆಗ್ಡೆಯವರು ಮನುಷ್ಯ ಬಂಗಾರ. ಆದರೆ ಕೇಸಿನ ಫೈಲು ಬಿಚ್ಚಿ ಓದುವುದೆಂದರೆ ಅವರಿಗೆ ಆಕಳಿಕೆ. "ಸೀನಿಯರಿಗೆ ಇನ್ನೂ ತಯಾರಿ ಆಗಿಲ್ಲ ಸ್ವಾಮಿ, ಒಂದು ವಾಯಿದೆ ಕೊಡಬೇಕು" ಎಂದು ಎದ್ದು ನಿಂತು, ಕೇಸನ್ನು ಮುಂದಿನ ತಾರೀಕಿಗೆ ತಳ್ಳಿಸಿಕೊಂಡು ಬರುವುದೇ ಮೂರು ವರ್ಷಗಳಿಂದ ಅವಳ ವಕೀಲಿಕೆ. ಈಗೀಗ ಅವಳು ಎದ್ದರೆ ಸಾಕು, ಬಾಯಿ ಬಿಡುವ ಮೊದಲೇ ನ್ಯಾಯಾಧೀಶರು ಕ್ಯಾಲೆಂಡರಿನತ್ತ ನೋಡುತ್ತಿದ್ದರು.

ಕಿವಿ ಸ್ವಲ್ಪ ಮಂದವಾದ್ದರಿಂದ ಹೆಗ್ಡೆಯವರು ಸ್ಪೀಕರ್ ಒತ್ತಿದರು. ಆ ಕಡೆ ಕಂಪೆನಿಯ ಕಾನೂನು ವಿಭಾಗದ ಮುಖ್ಯಸ್ಥೆ ಶರ್ಮಿಳಾ.

"ಮೋಕ್ಷಾ ನಿಮ್ಮ ಜೂನಿಯರ್ ಅಲ್ವಾ ಸರ್?"

"ಹೌದು."

"ಹೇಗೆ ಕೆಲಸ ಮಾಡ್ತಾರೆ?"

"ಹೌದು, ಇಲ್ಲ ಅಂತ ಉತ್ತರ ಹೇಳುವ ಹಾಗೆ ಕೇಳಿ ಮೇಡಂ."

ಮೋಕ್ಷಾ ಹಣೆ ಚಚ್ಚಿಕೊಂಡಳು. ಪಾಠ ಇವರದೇ. ಸಾಕ್ಷಿ ಹೇಳಲು ಬಂದವರನ್ನೆಲ್ಲ ಇದೇ ಕೋಣೆಯಲ್ಲಿ ಕೂರಿಸಿ, "ಕೇಳಿದ್ದಕ್ಕೆ ಮಾತ್ರ ಉತ್ತರ. ಹೌದು, ಇಲ್ಲ, ನೆನಪಿಲ್ಲ. ಇನ್ನೊಂದು ಮಾತು ಬಾಯಿಂದ ಬಿತ್ತೋ, ಕೇಸು ಹೋಯಿತು" ಎಂದು ಗಿಣಿಗೆ ಕಲಿಸುವಂತೆ ಕಲಿಸಿದವರು. ಸ್ವತಃ ಸಾಕ್ಷಿಯಾದದ್ದು ಇವತ್ತೇ ಮೊದಲು.

"ಸರಿ. ಸಮಯಕ್ಕೆ ಬರ್ತಾರಾ?"

"ನಾನು ಬರುವಾಗ ಇರ್ತಾಳೆ. ಅವಳು ಬಂದದ್ದನ್ನು ನಾನು ಕಣ್ಣಾರೆ ಕಂಡವನಲ್ಲ."

"ಅವರ ಮೇಲೆ ಎಂತಾದ್ರೂ ದೂರು ಉಂಟಾ?"

"ಸದ್ಯಕ್ಕೆ ನೆನಪಿಲ್ಲ."

"ಅಂದ್ರೆ ದೂರು ಇತ್ತು, ಈಗ ಮರೆತಿದೆ ಅಂತಲಾ?" ಶರ್ಮಿಳಾರ ದನಿ ಬಿಗಿಯಾಯಿತು.

ಊರಿಗೆಲ್ಲ ಶಕುನ ಹೇಳುವ ಹಲ್ಲಿ ತಾನೇ ಬಾನಿಯ ನೀರಿಗೆ ಬಿತ್ತು. ಫ್ಯಾನಿನ ಕೆಳಗೇ ಹೆಗ್ಡೆಯವರು ಬೆವರಿದರು. "ಅಯ್ಯೋ, ಹಾಗಲ್ಲ ಮಾರಾಯ್ರೇ! ಒಂದು ಸಲ ತುಂಬಿದ ಕೋರ್ಟಿನಲ್ಲಿ ನನ್ನನ್ನೇ ತಿದ್ದಿದ್ದಾಳೆ. ಅಷ್ಟೇ."

"ಓಹೋ! ಎಲ್ಲರೆದುರು ಸೀನಿಯರಿಗೇ ಅವಮಾನ ಮಾಡಿದ್ದಾರೆ?"

"ಹೌದು... ಇಲ್ಲ... ನೆನಪಿಲ್ಲ!" ಮೂರನ್ನೂ ಒಟ್ಟಿಗೇ ಹೇಳಿಬಿಟ್ಟರು.

ಮೋಕ್ಷಾ ಎದ್ದು ನಿಂತಿದ್ದಳು. ಎದ್ದದ್ದು ಯಾವಾಗ ಎಂದು ಅವಳಿಗೇ ತಿಳಿಯಲಿಲ್ಲ. "ಆಕ್ಷೇಪಣೆ ಉಂಟು ಮೇಡಂ. ತಿದ್ದಿದ್ದು ಅಂತ ಮಾತ್ರ ಅವರು ಹೇಳಿದ್ದು. ಅವಮಾನ ಅನ್ನುವ ಮಾತು ನಿಮ್ಮದು. ಸಾಕ್ಷಿಯ ಬಾಯಿಗೆ ನಿಮ್ಮ ಮಾತು ತುರುಕಬೇಡಿ. ಬೇಕಾದ್ರೆ, ತಿದ್ದಿದ್ದು ಸರಿ ಇತ್ತಾ ಅಂತ ಕೇಳಿ."

ಹೇಳಿ ಮುಗಿಸಿದ ಮೇಲೆ ಬಾಯಿ ಮುಚ್ಚಿಕೊಂಡಳು. ಕೆಲಸ ಕೊಡುವವರಿಗೇ ಗದರಿದ ಮೇಲೆ ಇನ್ನು ಯಾವ ಮಣಿಪಾಲ, ಯಾವ ಕಂಪೆನಿ! ಕೆಳಗೆ ಬಸ್‌ಸ್ಟ್ಯಾಂಡಿನಲ್ಲಿ ಕಂಡಕ್ಟರೊಬ್ಬ ಉಡುಪಿ, ಉಡುಪಿ ಎಂದು ಕೂಗುತ್ತಿದ್ದ.

"ಸರಿ, ಹಾಗೆಯೇ ಕೇಳ್ತೇನೆ," ಎಂದರು ಶರ್ಮಿಳಾ. "ತಿದ್ದಿದ್ದು ಸರಿ ಇತ್ತಾ ಸರ್?"

ಇಲ್ಲ ಎಂದರೆ ಸಾಕಿತ್ತು. ಹುಡುಗಿ ನಾಳೆಯೂ ಇದೇ ಮೇಜಿನಲ್ಲಿರುತ್ತಿದ್ದಳು. ನೆನಪಿಲ್ಲ ಎಂದರೂ ನಡೆಯುತ್ತಿತ್ತು. ಹೆಗ್ಡೆಯವರು ಕನ್ನಡಕ ತೆಗೆದು ಒರೆಸಿದರು, ಮತ್ತೆ ಹಾಕಿಕೊಂಡರು.

"ಸರಿ ಇತ್ತು. ಆ ಕೇಸು ಗೆದ್ದದ್ದೇ ಅದರಿಂದ. ಅವಳು ಫೈಲು ಓದಿದ್ದಳು, ನಾನು ಓದಿರಲಿಲ್ಲ."

ಶರ್ಮಿಳಾ ಜೋರಾಗಿ ನಕ್ಕರು. "ನಮ್ಮಲ್ಲಿ ದೊಡ್ಡವರು ಹೇಳಿದ್ದಕ್ಕೆಲ್ಲ ತಲೆ ಆಡಿಸುವವರು ಬೇಕಾದಷ್ಟು ಇದ್ದಾರೆ ಸರ್. ಮದ್ದಿನ ವಿಷಯದಲ್ಲಿ ಅದು ಆಗುವುದಿಲ್ಲ. ಎದ್ದು ನಿಂತು ತಪ್ಪು ಅನ್ನುವವರೇ ಬೇಕಿತ್ತು. ಒಂದನೇ ತಾರೀಕಿಗೆ ಬಂದು ಸೇರಲಿ."

ಮೋಕ್ಷಾಳಿಗೆ ಅಲ್ಲಿಯೇ ಕುಣಿಯಬೇಕೆನಿಸಿತು. ಆದರೆ ಹೆಗ್ಡೆಯವರು ಫೋನು ಇಡಲಿಲ್ಲ.

"ಮೇಡಂ, ಅದಕ್ಕೆ ಒಂದು ವಾಯಿದೆ ಬೇಕಿತ್ತು. ಒಂದು ತಿಂಗಳು."

"ಕಾರಣ ಎಂತ ಸರ್?"

ಕಾರಣ ಬೇಕಾದಾಗಲೆಲ್ಲ ಅವರು ಮೋಕ್ಷಾಳತ್ತ ತಿರುಗುವುದು ವಾಡಿಕೆ. ಕಕ್ಷಿದಾರನಿಗೆ ಜ್ವರವೋ, ಮನೆಯಲ್ಲಿ ಭೂತಕೋಲವೋ, ದೂರದ ನೆಂಟರ ಉತ್ತರಕ್ರಿಯೆಯ ಬೊಜ್ಜವೋ, ಏನಾದರೊಂದನ್ನು ಅವಳು ಕಿವಿಯಲ್ಲಿ ಉಸುರುತ್ತಿದ್ದಳು. ಈ ಸಲ ಅವರು ತಿರುಗಲಿಲ್ಲ. ಫೋನಿನ ಎದುರು ನೆಟ್ಟಗೆ ಎದ್ದು ನಿಂತು, ಕರಿ ಕೋಟಿನ ಗುಂಡಿ ಹಾಕಿಕೊಂಡರು.

"ಸೀನಿಯರಿಗೆ ಇನ್ನೂ ತಯಾರಿ ಆಗಿಲ್ಲ ಮೇಡಂ."