ಉಸ್ತಾದರ ಹೆಂಡತಿಯ ಕಸರತ್ತು

"ಹಿಡಿ ಕಣೇ! ಬಿಡಬ್ಯಾಡ, ಬಿಟ್ರೆ ಮಾನ ಹೋಯ್ತು!"

ಅಜ್ಜಂಪುರದ ಗರಡಿ ಉಸ್ತಾದ ಉಗ್ರಪ್ಪ ಹಾಕಿದ ಈ ಒಂದು ಕೂಗಿಗೆ ತರೀಕೆರೆಯ ಡಾಕ್ಟರಮ್ಮ ಮಲ್ಲಿಕಾಂಬ ಅವರ ಶಾಪಿನ ಗಾಜಿನ ಬೀರು ಬಿರುಕು ಬಿಟ್ಟಿತು. ಕಾಂಪೌಂಡರ್ ಬೆಚ್ಚಿ, ರೋಗಿಗೆ ಕೊಡಬೇಕಾಗಿದ್ದ ಕೆಮ್ಮಿನ ಔಷಧಿಯನ್ನು ತಾನೇ ಕುಡಿದುಬಿಟ್ಟ. ಗುಲಗಂಜಿಯಷ್ಟೂ ಹೆಚ್ಚಿಸಿ ಹೇಳುತ್ತಿಲ್ಲ. ಪರದೆಯ ಒಳಗೆ ಮಂಚದ ಮೇಲೆ ಮಲಗಿದ್ದ ಹೆಂಡತಿ ಈಶ್ವರಮ್ಮ ಮಾತ್ರ ಹಲ್ಲು ಕಚ್ಚಿ, ಉಸಿರು ಕಟ್ಟಿ, ಗಂಡ ಹೇಳಿದಂತೆ ಹಿಡಿದೇ ಇದ್ದಳು.

ಹಿಡಿಯಬೇಕಾಗಿದ್ದದ್ದು ಉಚ್ಚೆಯನ್ನು. ಕಡೆಯ ಮಗ ಹುಟ್ಟುವಾಗಲೇ ಕುಸ್ತಿಗೆ ಇಳಿಸಬಹುದಾದಷ್ಟು ದೊಡ್ಡವನಿದ್ದ. ಅವನನ್ನು ಹೆತ್ತ ಮೇಲೆ ಕೆಮ್ಮಿದರೆ, ಸೀನಿದರೆ, ದನಿ ಎತ್ತರಿಸಿದರೆ ಅವಳ ಸೀರೆ ಒದ್ದೆ. ಈಶ್ವರಮ್ಮ ಅಜ್ಜಂಪುರದಲ್ಲಿ ಸೋಬಾನೆ ಎತ್ತಿದರೆ ಬೀರೂರಿನಲ್ಲಿ ಗೂಡ್ಸ್ ಗಾಡಿ ನಿಂತು ಕೇಳುತ್ತಿತ್ತು. ಅಂಥವಳು ಎರಡು ವರ್ಷದಿಂದ ಒಂದು ಮದುವೆಗೂ ಹೋಗಿರಲಿಲ್ಲ. ಈಗ ಸಖರಾಯಪಟ್ಟಣದ ಅಕ್ಕ, "ನೀನು ಬಂದು ಹಾಡದಿದ್ರೆ ನನ್ನ ಮಗಳ ಧಾರೆಯೇ ನಿಲ್ಲಿಸ್ತೀನಿ" ಎಂದು ಹಟ ಹಿಡಿದಿದ್ದಳು.

ಮೊದಲ ಸಲ ಬಂದಾಗ ಡಾಕ್ಟರಮ್ಮ ಸೂಜಿ ಚುಚ್ಚಲಿಲ್ಲ, ಮಾತ್ರೆ ಬರೆಯಲಿಲ್ಲ. ಹೊಟ್ಟೆಯ ತಳಕ್ಕೆ ಜೋಲಿ ಕಟ್ಟಿದ ಹಾಗೆ ಒಂದು ಸ್ನಾಯು ಇದೆ, ಹೆರಿಗೆಯಲ್ಲಿ ಅದು ಸಡಿಲವಾಗಿದೆ, ಉಚ್ಚೆ ತಡೆಯುವವಳಂತೆ ಅದನ್ನು ಮೇಲಕ್ಕೆಳೆದು ಬಿಡುತ್ತಿದ್ದರೆ ಕೆಲವು ತಿಂಗಳಲ್ಲಿ ಗಟ್ಟಿಯಾಗುತ್ತದೆ ಎಂದಿದ್ದರು. "ಕಸರತ್ತಾ? ಅದನ್ನ ನಂಗ್ ಬಿಡಿ!" ಎಂದು ಉಗ್ರಪ್ಪ ಅಲ್ಲೇ ತೊಡೆ ತಟ್ಟಿದ್ದ. ಅಂದಿನಿಂದ ರಾಗಿ ಬೀಸುವಾಗ, ನೀರು ಸೇದುವಾಗ, ಮುದ್ದೆ ತೊಳಸುವಾಗ ಹಿಂದೆಯೇ ನಿಂತು ಹಿಡಿಸಿದ. ಫಲ ಏನಾಯಿತು? ಕೂತು ಎದ್ದರೂ ಒದ್ದೆಯಾಗತೊಡಗಿತು. ಜೊತೆಗೆ ಕಿಬ್ಬೊಟ್ಟೆ ನೋವು ಬೇರೆ.

"ಒಳಗೆ ಬೆರಳಿಟ್ಟು ನೋಡ್ತೀನಿ ಈಶ್ವರಮ್ಮ. ನೋವಾದ್ರೆ ಹೇಳು, ನಿಲ್ಲಿಸಿಬಿಡ್ತೀನಿ," ಎಂದರು ಡಾಕ್ಟರಮ್ಮ ಕೈಗವಸು ಹಾಕಿಕೊಂಡು. "ಹ್ಞಾಂ, ಹಿಡಿ... ಈಗ ಬಿಡು."

"ಬಿಟ್ಟೆನಲ್ಲಮ್ಮ."

"ಎಲ್ಲಿ ಬಿಟ್ಟೆ? ಕಲ್ಲಾಗಿ ಕೂತಿದೆ."

"ಬಿಡೋದನ್ನ ಇವ್ರು ಹೇಳ್ಕೊಟ್ಟೇ ಇಲ್ಲ ಕಣ್ರಮ್ಮ!"

ಡಾಕ್ಟರಮ್ಮ ಹೊರಗೆ ಬಂದರು. ಎತ್ತರದಲ್ಲಿ ಉಗ್ರಪ್ಪನ ಮೊಣಕಾಲಿಗೆ ಬರುತ್ತಿದ್ದರು, ಅಷ್ಟೆ. "ಉಸ್ತಾದ್ರೇ, ಬಲಗೈ ಮುಷ್ಟಿ ಕಟ್ಟಿ. ಬಿಗಿಯಾಗಿ. ನಾನು ಹೇಳೋ ತನಕ ಬಿಡಬೇಡಿ."

ತೆಂಗಿನ ಮರವನ್ನು ಬೇರುಸಮೇತ ಕಿತ್ತು ಹಲ್ಲುಜ್ಜಬಲ್ಲ ಕೈ ಅದು. ಉಗ್ರಪ್ಪ ನಗುತ್ತಲೇ ಕಟ್ಟಿದ. ಡಾಕ್ಟರಮ್ಮ ಒಂದು ಮಗುವಿನ ಕಿವಿ ನೋಡಿದರು, ಒಬ್ಬ ಮುದುಕನ ಕಾಲಿಗೆ ಪಟ್ಟಿ ಕಟ್ಟಿದರು, ಕಾಫಿ ತರಿಸಿದರು. ಉಸ್ತಾದನ ನಗು ಎಲ್ಲಿ ಹೋಯಿತೋ! ಹರಿದ ಬೆವರಿಗೆ ಮದಗದ ಕೆರೆ ಕೋಡಿ ಬೀಳಬೇಕಿತ್ತು.

"ಸಾಕು. ಕಾಫಿ ತಗೊಳ್ಳಿ."

ಬೆರಳುಗಳು ಬಿಚ್ಚಲೊಲ್ಲವು. ಹೇಗೋ ಹಿಡಿದ ಲೋಟ ಗಡಗಡ ನಡುಗಿ ಕಾಫಿಯೆಲ್ಲ ಪಂಚೆಯ ಪಾಲಾಯಿತು.

"ಏನು ಉಸ್ತಾದ್ರೇ, ಲೋಟ ಎತ್ತಕ್ಕಾಗ್ಲಿಲ್ವಾ?"

"ಕೈ ಸೋತೋಯ್ತು ತಾಯಿ."

"ನಿಮ್ಮ ಹೆಂಡ್ತೀದೂ ಸೋತಿದೆ. ಬಿಟ್ಟು ಸುಧಾರಿಸ್ಕೊಂಡ್ರೆ ತಾನೇ ಮತ್ತೆ ಹಿಡಿಯಕ್ಕೆ ಬಲ ಬರೋದು?"

ಪರದೆಯ ಒಳಗಿನಿಂದ ಕಿಸಕ್ಕೆಂದು ನಗು ಕೇಳಿಸಿತು. ಅರ್ಧದಲ್ಲೇ ಹೆದರಿ ನಿಂತಿತು.

"ನಗಮ್ಮ, ನಿಲ್ಲಿಸಬೇಡ," ಎಂದರು ಡಾಕ್ಟರಮ್ಮ. "ನಗೋ ಮುಂಚೆ, ಕೆಮ್ಮೋ ಮುಂಚೆ ಒಂದು ಸಲ ಮೇಲಕ್ಕೆಳ್ಕೋ. ಉಸಿರು ಮಾತ್ರ ಕಟ್ಟಬೇಡ. ಎಷ್ಟು ಹೊತ್ತು ಹಿಡೀತೀಯೋ ಅಷ್ಟೇ ಹೊತ್ತು ಸಡಿಲ ಬಿಡು. ಈ ತಿಂಗಳು ಮುಖ್ಯವಾಗಿ ಬಿಡೋದನ್ನ ಕಲಿ."

"ಕಾರ್ತೀಕದಲ್ಲಿ ಮದ್ವೆ. ಅಷ್ಟೊತ್ತಿಗೆ ವಾಸಿಯಾಗುತ್ತಾ?"

"ಇನ್ನೂ ಆಷಾಢ ತಾನೇ? ಪೂರ್ತಿ ಅಂತ ಮಾತು ಕೊಡಲ್ಲ. ಹಾಡು ಹೇಳೋ ಅಷ್ಟು ಆಗಬಹುದು. ತಿಂಗಳಿಗೊಂದು ಸಲ ಬಂದು ತೋರಿಸು."

"ನಾನೇನ್ ಮಾಡ್ಲಿ ತಾಯಿ?" ಎಂದ ಉಗ್ರಪ್ಪ, ಕೈ ನೀವಿಕೊಳ್ಳುತ್ತ.

"ನೀವು ಬಾಯಿ ಮುಚ್ಕೊಂಡಿರಿ."

ಆನೆಯನ್ನು ಮಗ್ಗುಲಾಗಿ ಮಲಗಿಸಿದ ಉಸ್ತಾದನಿಗೆ ಅದಕ್ಕಿಂತ ದೊಡ್ಡ ಪಟ್ಟು ಯಾರೂ ಹಾಕಿರಲಿಲ್ಲ. ಆದರೂ ನಾಲ್ಕು ತಿಂಗಳು ಮುಚ್ಚಿಕೊಂಡಿದ್ದ.

ಕಾರ್ತೀಕದಲ್ಲಿ ಸಖರಾಯಪಟ್ಟಣದ ಚಪ್ಪರದಡಿ ಈಶ್ವರಮ್ಮ ಮೈಕನ್ನು ಪಕ್ಕಕ್ಕೆ ತಳ್ಳಿ ಸೋಬಾನೆ ಎತ್ತಿದಳು. ತೆಂಗಿನ ತೋಟಗಳಲ್ಲಿ ಎಳನೀರು ತಾವಾಗಿ ಉದುರಿದವು; ಕಡೂರಿನ ಬಸ್ಸು ಹತ್ತಿ ಕುಳಿತಿದ್ದವರು ಇಳಿದು ಬಂದರು. ಉಗ್ರಪ್ಪ ಮಾತ್ರ ಹೊರಗೆ ಕಂಬ ಹಿಡಿದು, ಹಾಡಿನ ಕಡೆ ಕಿವಿಯಿಟ್ಟು, ಯಾವ ಸಾಲಿನಲ್ಲಿ ದನಿ ಮುರಿಯುತ್ತದೋ ಎಂದು ಸಾಲು ಸಾಲೂ ಎಣಿಸುತ್ತಿದ್ದ. ಮುರಿಯಲಿಲ್ಲ. ಒಂದಲ್ಲ, ನಾಲ್ಕು ಹಾಡು ಮುಗಿದವು. ಈಶ್ವರಮ್ಮ ಹಿತ್ತಲಿಗೆ ಹೋಗಿ ಬಂದವಳೇ, ಯಾರಿಗೂ ಕಾಣದಂತೆ ಅವನ ಕೈಯಲ್ಲಿ ಮಡಿಸಿದ ಹಳೇ ಬಟ್ಟೆಯೊಂದನ್ನು ತುರುಕಿದಳು.

"ಏನೇ ಇದು?"

"ಎಲ್ಲಾದ್ರೂ ಒದ್ದೆ ಆದೀತು ಅಂತ ಒಳಗೆ ಇಟ್ಕೊಂಡಿದ್ದೆ ಕಣ್ರೀ. ಮುಟ್ಟಿ ನೋಡಿ."

ಉಸ್ತಾದ ಮುಟ್ಟಿ ನೋಡಿದ. ಕಡೂರಿನ ಬೇಸಿಗೆ ಬಿಸಿಲಿಗೆ ಹಾಕಿದ ಹಪ್ಪಳದ ಹಾಗೆ ಒಣಗಿತ್ತು. ಅವಳು "ಅಯ್ಯೋ, ರೀ, ಬ್ಯಾಡ!" ಎನ್ನುವಷ್ಟರಲ್ಲಿ, ಅಷ್ಟು ಜನರ ನಡುವೆ ಅದರಲ್ಲೇ ಕಣ್ಣು ಒರೆಸಿಕೊಂಡುಬಿಟ್ಟಿದ್ದ.