ಸಮ ಆದರೆ ಮಾತ್ರ

ಬೆಳಿಗ್ಗೆ ಹತ್ತು ಗಂಟೆ. ಆಡಳಿತ ಪಕ್ಷದ ಸಂಸದರೊಬ್ಬರು ಹೃದಯಾಘಾತವಾಗಿ ದೆಹಲಿಯ ಆಸ್ಪತ್ರೆಯಲ್ಲಿ ಮಲಗಿದ್ದರು. ಮಧ್ಯಾಹ್ನ ಲೋಕಸಭೆಯಲ್ಲಿ ಸರ್ಕಾರ ವಿಶ್ವಾಸಮತ ಸಾಬೀತುಪಡಿಸಬೇಕಿತ್ತು. ರೋಗಿಯನ್ನು ಅಲುಗಾಡಿಸಿದರೆ ಜೀವ ಉಳಿಯುವುದು ಕಷ್ಟ ಎಂದು ಡಾಕ್ಟರು ಸಂಸದರ ಹೆಂಡತಿ ಸುಭದ್ರಮ್ಮನಿಗೆ ಹೇಳಿಹೋಗಿದ್ದರು.

"ಅತ್ತಿಗೆ, ಅಣ್ಣ ಬರ್ಲಿಲ್ಲ ಅಂದ್ರೆ ಒಂದೇ ಒಂದು ಮತದಲ್ಲಿ ಸರ್ಕಾರ ಬೀಳುತ್ತೆ," ಎಂದ ಮೈದುನ ಚನ್ನವೀರ.

"ಬಂದ್ರೆ ಗೆಲ್ಲುತ್ತೇನಪ್ಪ?"

"ಬಂದ್ರೆ ಸಮ ಆಗುತ್ತೆ. ಸಮ ಆದ್ರೆ ಮಾತ್ರ ಸ್ಪೀಕರ್ ಮತ ಹಾಕ್ಬಹುದು, ಸಂವಿಧಾನದಲ್ಲೇ ಇದೆ. ಇಲ್ದಿದ್ರೆ ಅವ್ರು ಉತ್ಸವಮೂರ್ತಿ ಥರ ಸುಮ್ನೆ ಕೂತಿರ್ಬೇಕು. ಅವ್ರ ಮತಕ್ಕೆ ಬೆಲೇನೇ ಇಲ್ಲ."

"ಸ್ಪೀಕರ್ ನಮ್ಮೋರೇ ತಾನೆ?"

"ನಮ್ಮೋರಲ್ದೆ ಇನ್ಯಾರು ಅತ್ತಿಗೆ? ನಿನ್ನೆ ಅವ್ರ ಮನೇಲೇ ಊಟ ಮಾಡಿ ಬಂದೆ."

ಗಂಡ ಹಾಸಿಗೆಯಿಂದಲೇ ಕೈ ಎತ್ತಿ, "ಅವನು ಹೇಳಿದ ಹಾಗೆ ಮಾಡು," ಎಂದರು.

"ನಿಮ್ಮಣ್ಣನ್ನ ಹೇಗೆ ಕರ್ಕೊಂಡು ಹೋಗ್ತೀಯೋ ಹಾಗೇ ವಾಪಸ್ ತಂದು ಒಪ್ಪಿಸ್ಬೇಕು," ಎಂದು ಸುಭದ್ರಮ್ಮ ಆಸ್ಪತ್ರೆಯವರು ಕೊಟ್ಟ ಕಾಗದಕ್ಕೆ ರುಜು ಹಾಕಿದರು.

ಸಂಸದರು ಸ್ಟ್ರೆಚರಿನ ಮೇಲೆ ಮಲಗಿಯೇ ಸದನದಲ್ಲಿ ಮತ ಹಾಕಿದರು. ಎರಡೂ ಕಡೆಯ ಮತ ಸಮವಾಯಿತು. ಸ್ಪೀಕರ್ ತಮ್ಮ ಮತವನ್ನು ಸರ್ಕಾರದ ವಿರುದ್ಧ ಹಾಕಿದರು. ವಾಪಸ್ ಬರುವಾಗ ಆಂಬುಲೆನ್ಸಿನಲ್ಲಿ ಸಂಸದರ ಉಸಿರು ನಿಂತಿತು.

ಹೊಸ ಸರ್ಕಾರದಲ್ಲಿ ಸ್ಪೀಕರ್ ಗೃಹ ಸಚಿವರಾದರು. ಸಂಸದರ ಸಾವಿನಿಂದ ತೆರವಾದ ಕ್ಷೇತ್ರಕ್ಕೆ ಅವರು ಟಿಕೆಟ್ ಕೊಡಿಸಿದ್ದು ಚನ್ನವೀರನಿಗೆ.