ಮುಟ್ಟದ ಆಜ್ಞೆ

ಶತ್ರುಗಳ ಕೈಗೆ ಬೀಳದಂತೆ ಗುಡ್ಡವನ್ನು ಉಳಿಸಿದ್ದಕ್ಕೆ ಜನರಲ್ ಸಾಹೇಬರಿಗೆ ಪದಕ ಘೋಷಣೆಯಾಗಿತ್ತು. ಆ ಸಂಜೆಯೇ ಅವರು ವೈರ್‌ಲೆಸ್ ಹವಾಲ್ದಾರ್ ಚೆಂಗಪ್ಪನನ್ನು ಕರೆಸಿ ಬಾಗಿಲು ಹಾಕಿಕೊಂಡರು.

"ಅವತ್ತು ನನ್ನ ಆಜ್ಞೆ ಗುಡ್ಡಕ್ಕೆ ಯಾಕಯ್ಯ ಮುಟ್ಲಿಲ್ಲ?"

ಚೆಂಗಪ್ಪನಿಗೆ ಸುಳ್ಳು ಹೇಳಲು ಮನಸ್ಸಾಗಲಿಲ್ಲ.

"ನಾನೇ ಮುಟ್ಟಿಸ್ಲಿಲ್ಲ ಸಾರ್. ಗುಡ್ಡ ಬಿಟ್ಟು ಓಡಿಬನ್ನಿ ಅಂದಿದ್ರಿ. ಮೇಲಿದ್ದೋರು ಗೆಲ್ಲೋ ಹಾಗಿದ್ರು. ಹೇಳೋಕೆ ಬಾಯಿ ಬರ್ಲಿಲ್ಲ."

"ಇದು ಇನ್ಯಾರಿಗೆ ಗೊತ್ತು?"

"ನಮ್ಮಿಬ್ಬರಿಗೇ ಸಾರ್."

ಜನರಲ್ ನಿಟ್ಟುಸಿರು ಬಿಟ್ಟು ಅವನ ಬೆನ್ನು ತಟ್ಟಿದರು. ಬದುಕಿದೆಯಾ ಬಡಜೀವವೇ ಎಂದುಕೊಂಡು ಚೆಂಗಪ್ಪ ಸೆಲ್ಯೂಟ್ ಹೊಡೆದು ಹೊರಬಂದ.

ಸಾಹೇಬರ ಎದೆಗೆ ಪದಕ ಏರಿದ ದಿನವೇ ಚೆಂಗಪ್ಪನ ಕೈಗೆ ವಜಾ ಆದೇಶ ಬಂತು: "ಯಾವ ಕಾರಣಕ್ಕೂ ಗುಡ್ಡ ಬಿಡಕೂಡದು ಎಂಬ ಜನರಲ್ ಸಾಹೇಬರ ಆಜ್ಞೆಯನ್ನು ಮುಟ್ಟಿಸದ ಅಪರಾಧಕ್ಕಾಗಿ."